ಕುಡಿತ ಬಿಟ್ಟ ಮೇಲೆ ಸಿಹಿಯ ಹಂಬಲ: ಸಕ್ಕರೆ ಡಬ್ಬಿ ಬಚ್ಚಿಡಬೇಕೆ?

ಪ್ರಶ್ನೆ: ನಮ್ಮ ಮನೆಯವರಿಗೆ 44 ವರ್ಷ. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುತ್ತಾರೆ. ಹತ್ತಾರು ವರ್ಷ ಕುಡಿದರು. ಕೊನೆಕೊನೆಗೆ ದಿನಕ್ಕೆ ಎರಡು ಕ್ವಾರ್ಟರ್ ಆಗುತ್ತಿತ್ತು. ಆಸ್ಪತ್ರೆಗೆ ಸೇರಿಸಿ ಬಿಡಿಸಿದೆವು, ಎರಡು ತಿಂಗಳಿಂದ ಮುಟ್ಟಿಲ್ಲ. ಆದರೆ ಈಗ ಸಿಹಿ ಹುಚ್ಚು ಹಿಡಿದಂತಾಗಿದೆ. ಮೂರು ಚಮಚ ಸಕ್ಕರೆ ಹಾಕಿದ ಚಹಾ ದಿನಕ್ಕೆ ಏಳೆಂಟು ಸಲ ಬೇಕು, ಸಂಜೆ ಪೇಢೆ, ರಾತ್ರಿ ಎದ್ದು ಬೆಲ್ಲದ ಡಬ್ಬಿಗೆ ಕೈಹಾಕುತ್ತಾರೆ. ಖಾಲಿ ಹೊಟ್ಟೆಯ ಶುಗರ್ 112 ಬಂದಿದೆ. ಅತ್ತೆಯವರು "ಒಂದ್ ಚಟ ಬಿಟ್ಟು ಇನ್ನೊಂದ್ ಚಟ ಹಿಡದಾನ" ಎಂದು ಎಲ್ಲರ ಮುಂದೆ ಅನ್ನುತ್ತಾರೆ. ನಾನು ಸಕ್ಕರೆ, ಬೆಲ್ಲ ಬಚ್ಚಿಡಲು ಶುರುಮಾಡಿದ್ದೇನೆ. ಅವರು ಕುಡಿತ ಬಿಟ್ಟರೆ ಇಬ್ಬರೂ ಶನಿವಾರ ಉಪವಾಸ ಇರುತ್ತೇವೆಂದು ಹರಕೆ ಹೊತ್ತಿದ್ದೆ, ಅದನ್ನೂ ನಡೆಸುತ್ತಿದ್ದೇವೆ. ಸಂಬಂಧಿಕರೊಬ್ಬರು "ಊಟದಾಗ ಗೊತ್ತಾಗದಂಗ ಹಾಕು, ಮತ್ತ ಕುಡಿಯೂದಿಲ್ಲ" ಎಂದು ಮಾತ್ರೆ ಕೊಟ್ಟಿದ್ದಾರೆ. ಇನ್ನೂ ಹಾಕಿಲ್ಲ. ನನಗಂತೂ ರಾತ್ರಿ ನಿದ್ದೆಯಿಲ್ಲ. ಏನು ಮಾಡಲಿ?

ಉತ್ತರ: ಮಾತ್ರೆಯ ವಿಷಯ ಮೊದಲು ಹೇಳುತ್ತೇನೆ, ಅದು ಸಿಹಿಗಿಂತ ತುರ್ತಿನದು. ದಯವಿಟ್ಟು ಅದನ್ನು ಹಾಕಬೇಡಿ. ಹೀಗೆ ಕೈಯಿಂದ ಕೈಗೆ ದಾಟುವ ಮಾತ್ರೆ, ಪುಡಿಗಳಲ್ಲಿ ಸಾಮಾನ್ಯವಾಗಿ ಡೈಸಲ್ಫಿರಾಂ ಎಂಬ ಔಷಧ ಇರುತ್ತದೆ. ಅದು ಮೈಯಲ್ಲಿದ್ದಾಗ ಮದ್ಯ ಒಳಗೆ ಹೋದರೆ, ಮದ್ಯ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷ ಹೊರಹೋಗದೆ ರಕ್ತದಲ್ಲೇ ಸೇರಿಕೊಳ್ಳುತ್ತದೆ. ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಜೀವವೇ ಹೋಗಬಹುದು. ಕೊನೆಯ ಮಾತ್ರೆ ನುಂಗಿ ಎರಡು ವಾರವಾದರೂ ಈ ಅಪಾಯ ಉಳಿದಿರಬಹುದು. ನಾವು ವೈದ್ಯರೂ ಈ ಔಷಧ ಕೊಡುತ್ತೇವೆ. ಆದರೆ ಲಿವರ್, ಹೃದಯ ನೋಡಿ, ರೋಗಿಗೆ ಎಲ್ಲ ಬಿಡಿಸಿ ಹೇಳಿ, ಅವರು ಒಪ್ಪಿದರೆ ಮಾತ್ರ. ತಿಳಿದು ತೆಗೆದುಕೊಳ್ಳುವವರು ಮದ್ಯ ಮುಟ್ಟುವುದಿಲ್ಲ, ಆಲ್ಕೊಹಾಲ್ ಇರುವ ಕೆಮ್ಮಿನ ಸಿರಪ್ಪು, ಟಾನಿಕ್ಕು, ದ್ರಾಕ್ಷಾರಿಷ್ಟದಂಥ ಅರಿಷ್ಟಗಳನ್ನೂ ದೂರ ಇಡುತ್ತಾರೆ. ತಿಳಿಯದವರಿಗೆ ಆ ಎಚ್ಚರ ಎಲ್ಲಿಂದ ಬರಬೇಕು? ಒಂದು ದಿನ ಊಟದಲ್ಲಿ ಏನೋ ಬೆರೆತಿದೆ ಎಂದು ಗೊತ್ತಾದರೆ, ಆಮೇಲೆ ನೀವು ಬಡಿಸಿದ ತಟ್ಟೆಯ ಮೇಲೇ ಅವರಿಗೆ ನಂಬಿಕೆ ಉಳಿಯುವುದಿಲ್ಲ. ಈ ಚೇತರಿಕೆಯಲ್ಲಿ ನಿಮ್ಮ ಅಡುಗೆಮನೆ ಮಾಡಬೇಕಾದ ಕೆಲಸ ಬಹಳ ಇದೆ. ಆ ನಂಬಿಕೆಯನ್ನು ಕಳೆದುಕೊಳ್ಳಬೇಡಿ.

ಈಗ ಸಿಹಿಗೆ ಬರೋಣ. ಇದು ನಿಮ್ಮ ಮನೆಯವರೊಬ್ಬರ ಚಾಳಿಯಲ್ಲ. ಕುಡಿತ ಬಿಟ್ಟವರಲ್ಲಿ, ಅದರಲ್ಲೂ ಮೊದಲ ಕೆಲವು ತಿಂಗಳು, ಇದನ್ನು ಮತ್ತೆ ಮತ್ತೆ ಕಾಣುತ್ತೇವೆ. ಕುಡಿಯುವ ಕಾಲದಲ್ಲಿ ಸಿಹಿಯನ್ನೇ ಮುಟ್ಟದಿದ್ದವರು ಸಹ ಬಿಟ್ಟ ಮೇಲೆ ಜಿಲೇಬಿ ಅಂಗಡಿ ಮುಂದೆ ನಿಲ್ಲುತ್ತಾರೆ. ಮದ್ಯವ್ಯಸನಿಗಳ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾದದ್ದು 1935ರಲ್ಲಿ, ಅಮೆರಿಕದಲ್ಲಿ. ಅವರು 1939ರಲ್ಲಿ ಹೊರತಂದ ಪುಸ್ತಕದಲ್ಲಿ ಕುಟುಂಬದವರಿಗೆಂದೇ ಒಂದು ಅಧ್ಯಾಯವಿದೆ. ದಣಿವಾದಾಗ ತಕ್ಷಣ ಶಕ್ತಿ ಬರಲು ಚಾಕೊಲೇಟ್ ಹತ್ತಿರ ಇಟ್ಟುಕೊಂಡಿರಲಿ, ರಾತ್ರಿ ಹೊತ್ತು ಏಳುವ ಅಸ್ಪಷ್ಟ ಚಡಪಡಿಕೆ ಕೆಲವೊಮ್ಮೆ ಸಿಹಿಯಿಂದ ತಣಿಯುತ್ತದೆ ಎಂದು ಒಬ್ಬ ವೈದ್ಯರು ಕೊಟ್ಟ ಸಲಹೆಯನ್ನು ಅಲ್ಲೇ ದಾಖಲಿಸಿದ್ದಾರೆ. ನಿಮ್ಮ ಮನೆಯಲ್ಲಿ ಮಧ್ಯರಾತ್ರಿ ಬೆಲ್ಲದ ಡಬ್ಬಿಗೆ ಕೈ ಹೋಗುತ್ತಿರುವುದು ಎಂಬತ್ತು ವರ್ಷಕ್ಕೂ ಹಿಂದೆಯೇ ಗುರುತಿಸಿದ ಸಂಗತಿ.

ಹೀಗೇಕೆ ಎಂದರೆ ಕಾರಣ ಒಂದೇ ಇಲ್ಲ. ಮೊದಲನೆಯದು ಬರೀ ಲೆಕ್ಕ, ಅದು ನಿಮ್ಮವರಿಗೂ ಹಿಡಿಸೀತು. ಒಂದು ಗ್ರಾಂ ಆಲ್ಕೊಹಾಲಿನಲ್ಲಿ 7 ಕ್ಯಾಲೊರಿ ಇದೆ, ಸಕ್ಕರೆಯಲ್ಲಿ 4. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮುಗಳ ತೀವ್ರತೆ ಸಾಮಾನ್ಯವಾಗಿ ಶೇ 42.8. ಆ ಪ್ರಕಾರ 180 ಎಂಎಲ್‌ನ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಆಲ್ಕೊಹಾಲ್. ಎರಡು ಕ್ವಾರ್ಟರ್ ಎಂದರೆ ಎಂಟುನೂರೈವತ್ತು ಕ್ಯಾಲೊರಿಯ ಆಸುಪಾಸು, ಅಂದರೆ ಹೆಚ್ಚುಕಡಿಮೆ ಆರು ಜೋಳದ ರೊಟ್ಟಿಯಷ್ಟು ಶಕ್ತಿ ದಿನವೂ ಬಾಟಲಿಯಿಂದ ಬರುತ್ತಿತ್ತು. ಅದರಲ್ಲಿ ಪ್ರೋಟೀನ್ ಇಲ್ಲ, ವಿಟಮಿನ್ ಇಲ್ಲ, ಶಕ್ತಿ ಮಾತ್ರ ಇತ್ತು. ಅದು ಒಂದೇ ಸಲಕ್ಕೆ ನಿಂತಿದೆ. ಆ ಆರು ರೊಟ್ಟಿ ಈಗ ಊಟದ ತಟ್ಟೆಗೆ ಬಂದಿವೆಯೇ? ಬಹುತೇಕ ಮನೆಗಳಲ್ಲಿ ಬಂದಿರುವುದಿಲ್ಲ. ಕುಡಿಯುವಾಗ ರಾತ್ರಿ ಎರಡು ತುತ್ತು ತಿಂದು ಮಲಗುತ್ತಿದ್ದವರಿಗೆ ಈಗಲೂ ಅಷ್ಟೇ ಬಡಿಸುತ್ತಾರೆ, ಅವರೂ ಅಷ್ಟೇ ತಿಂದು ಏಳುತ್ತಾರೆ. ಬಾಕಿ ಉಳಿದ ಹಸಿವು ಬೆಲ್ಲದ ಡಬ್ಬಿ ಹುಡುಕುತ್ತದೆ.

ಎರಡನೆಯದು ಲಿವರ್. ಊಟ ತಡವಾದಾಗ ರಕ್ತದಲ್ಲಿ ಸಕ್ಕರೆ ಇಳಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಮೊದಲು ತನ್ನ ದಾಸ್ತಾನಿನಿಂದ ಕೊಡುತ್ತದೆ, ಅದು ಮುಗಿದರೆ ಹೊಸದಾಗಿ ತಯಾರಿಸುತ್ತದೆ. ಮದ್ಯವನ್ನು ಒಡೆಯುವ ಕೆಲಸಕ್ಕೆ ಬಿದ್ದಾಗ ಈ ತಯಾರಿಕೆ ನಿಲ್ಲುತ್ತದೆ. ವರ್ಷಗಟ್ಟಲೆ ಹೀಗಾಗಿ, ಜೊತೆಗೆ ಊಟವೂ ನೆಟ್ಟಗಿರದಿದ್ದರೆ ದಾಸ್ತಾನು ಕರಗಿರುತ್ತದೆ. ಬಿಟ್ಟ ಮೇಲೆ ಸರಿಹೋಗಲು ಸಮಯ ಹಿಡಿಯುತ್ತದೆ. ಮಧ್ಯಾಹ್ನ ಒಂದಕ್ಕೆ ಉಂಡವರು ರಾತ್ರಿ ಹತ್ತರವರೆಗೆ ಬರೀ ಚಹಾದ ಮೇಲೆ ಇದ್ದರೆ, ಸಂಜೆ ಆರೇಳರ ಹೊತ್ತಿಗೆ ಕೈ ನಡುಗಿ, ಬೆವತು, ಸಿಡಿಮಿಡಿಗೊಳ್ಳುವುದು ಸಹಜ. ನಿಮ್ಮವರು ದಿನವೂ ಬಾರಿಗೆ ಹೋಗುತ್ತಿದ್ದುದೂ ಅದೇ ಹೊತ್ತಿಗೆ ಅಲ್ಲವೇ? ಹಸಿವಿನ ನಡುಕವನ್ನು ಮಿದುಳು ಕುಡಿತದ ಕರೆ ಎಂದೇ ಓದಿಕೊಳ್ಳುತ್ತದೆ, ಏಕೆಂದರೆ ಆ ಹೊತ್ತಿನ ಆ ನಡುಕಕ್ಕೆ ಇಷ್ಟು ವರ್ಷ ಅದಕ್ಕೆ ಸಿಕ್ಕಿದ್ದು ಅದೊಂದೇ ಉತ್ತರ.

ಮೂರನೆಯದು ಮಿದುಳಿನಲ್ಲಿ ಸುಖದ ಅನುಭವ ಕೊಡುವ ಜಾಲ. ಮದ್ಯ ಅಲ್ಲಿ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕವನ್ನು ಮಾತ್ರವಲ್ಲ, ದೇಹವೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳನ್ನೂ ಚಿಮ್ಮಿಸುತ್ತದೆ. ದಿನವೂ ಹಾಗಾದರೆ ಜಾಲ ಮಂದವಾಗುತ್ತದೆ. ಬಿಟ್ಟ ಮೇಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಯಾವುದೂ ರುಚಿಸುವುದಿಲ್ಲ. ಟಿವಿ ಹಿಡಿಸುವುದಿಲ್ಲ, ಮಕ್ಕಳ ಮಾತು ಕಿವಿಗೆ ಬೀಳುವುದಿಲ್ಲ, "ಏನೋ ಖಾಲಿ ಖಾಲಿ ಅನಸ್ತದ" ಎನ್ನುತ್ತಾರೆ. ಸಿಹಿ ಅದೇ ಜಾಲವನ್ನು ಮೆಲ್ಲಗೆ ಮುಟ್ಟುತ್ತದೆ. ಕುಡಿತದ ಹಂಬಲ ತಗ್ಗಿಸಲು ನಾವು ಕೊಡುವ ನಾಲ್ಟ್ರೆಕ್ಸೋನ್ ಮಾತ್ರೆ ಕೆಲಸ ಮಾಡುವುದೂ ಇಲ್ಲೇ. ಆ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಸಿಹಿಯ ಸೆಳೆತವೂ ಸ್ವಲ್ಪ ಇಳಿಯುತ್ತದೆ. ಮದ್ಯವ್ಯಸನ ತಲೆಮಾರಿನಿಂದ ಬಂದ ಮನೆತನಗಳಲ್ಲಿ ಅತಿಸಿಹಿಯನ್ನು ಇಷ್ಟಪಡುವವರು ಹೆಚ್ಚು ಎಂದು ಕೆಲವು ಅಧ್ಯಯನಗಳು ತೋರಿಸಿವೆ. ಇದನ್ನು ಹೇಳುವುದು ಒಂದೇ ಕಾರಣಕ್ಕೆ: ನಿಮ್ಮ ಅತ್ತೆಯವರಿಗೆ ಇದು ಮಗನ ನಾಲಿಗೆ ಚಪಲ ಎನಿಸಿದೆ, ಅದು ಹಾಗಲ್ಲ.

ಇನ್ನು ನೀವು ಕೇಳಿದ ಮುಖ್ಯ ಪ್ರಶ್ನೆ, ಡಬ್ಬಿ ಬಚ್ಚಿಡುವುದು. ಬಚ್ಚಿಡಬೇಡಿ, ಬಚ್ಚಿಟ್ಟಿದ್ದನ್ನು ಇವತ್ತೇ ಹೊರಗೆ ತೆಗೆದಿಡಿ. ಯೋಚನೆ ಮಾಡಿ, ಕುಡಿಯುವ ವರ್ಷಗಳಲ್ಲಿ ಅವರು ಕಲಿತ ದೊಡ್ಡ ವಿದ್ಯೆ ಯಾವುದು? ಬೈಕಿನ ಡಿಕ್ಕಿಯಲ್ಲಿ, ಬಚ್ಚಲುಮನೆಯ ಒಲೆ ಹಿಂದೆ ಟೆಟ್ರಾ ಪ್ಯಾಕ್ ಅಡಗಿಸುವುದು, ಏಲಕ್ಕಿ ಜಗಿದು ಒಳಗೆ ಬರುವುದು, "ಇಲ್ಲ, ಮುಟ್ಟಿಲ್ಲ" ಎನ್ನುವುದು. ನಿಮಗೂ ಒಂದು ವಿದ್ಯೆ ಬಂತು: ಹುಡುಕುವುದು, ಮೂಸುವುದು, ಜೇಬು ತಡಕುವುದು. ಈಗ ಬೆಲ್ಲದ ಡಬ್ಬಿಯ ಸುತ್ತ ಇಬ್ಬರೂ ಅದೇ ಆಟವನ್ನು ಮತ್ತೆ ಆಡುತ್ತಿದ್ದೀರಿ. ಮನೆಯಲ್ಲಿ ಸಿಗದಿದ್ದರೆ ಹೊರಗೆ ಹೋಗುತ್ತಾರೆ. ರಾತ್ರಿ ಎಂಟೂವರೆಗೆ ಪೇಢೆಗೆಂದು ಹೊರಟವರ ದಾರಿಯಲ್ಲಿ ಏನೇನಿದೆ ಎಂದು ನಿಮಗೆ ಗೊತ್ತು. ಮೊದಲ ಮೂರು ತಿಂಗಳಲ್ಲಿ ನನಗೆ ಆತಂಕ ಹುಟ್ಟಿಸುವುದು ಸಿಹಿಯಲ್ಲ, ಗುಟ್ಟು. ಕದ್ದು ತಿನ್ನುವ ಕೈ ಕದ್ದು ಕುಡಿಯುವುದಕ್ಕೂ ಪಳಗಿಯೇ ಇರುತ್ತದೆ. ಎಲ್ಲರ ಕಣ್ಣೆದುರು ತಟ್ಟೆಯಲ್ಲಿ ಹಾಕಿಕೊಂಡು ತಿಂದ ಎರಡು ಪೇಢೆ ಅವರ ಚೇತರಿಕೆಯನ್ನು ಕೆಡಿಸುವುದಿಲ್ಲ.

ಹಾಗೆಂದು ಎಷ್ಟಾದರೂ ತಿನ್ನಲಿ ಎನ್ನುತ್ತಿಲ್ಲ. ನೀವು ಬರೆದ ಚಹಾದ ಲೆಕ್ಕವನ್ನೇ ನೋಡಿ: ಮೂರು ಚಮಚದಂತೆ ಎಂಟು ಲೋಟ ಎಂದರೆ 24 ಚಮಚ, ಅಂದರೆ ಹತ್ತಿರಹತ್ತಿರ 120 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಆರೋಗ್ಯವಂತ ದೊಡ್ಡವರಿಗೂ ಸೇರಿಸಿಕೊಳ್ಳುವ ಸಕ್ಕರೆ ದಿನಕ್ಕೆ ಸುಮಾರು 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು. ಆದರೆ ಗಮನಿಸಿ, ನಿಮ್ಮನ್ನು ಹೆದರಿಸಿರುವುದು ಪೇಢೆ ಮತ್ತು ಬೆಲ್ಲ, ಹೆಚ್ಚು ಸಕ್ಕರೆ ಹೋಗುತ್ತಿರುವುದು ಚಹಾದಲ್ಲಿ. ಅಲ್ಲಿಂದಲೇ ಶುರುಮಾಡಿ. ಚಹಾ ನಿಲ್ಲಿಸಿ ಎನ್ನಬೇಡಿ. ವಾರಕ್ಕೆ ಅರ್ಧ ಚಮಚದಂತೆ ಸಕ್ಕರೆ ಇಳಿಸಿ, ಅವರಿಗೆ ಹೇಳಿಯೇ ಇಳಿಸಿ. ಸಂಜೆ ನಾಲ್ಕರ ಮೇಲಿನ ಚಹಾ ಬಿಟ್ಟರೆ ನಿದ್ದೆಗೂ ಒಳ್ಳೆಯದು. ಕುಡಿತ ಬಿಟ್ಟವರ ನಿದ್ದೆ ತಿಂಗಳುಗಟ್ಟಲೆ ಹರಿದಿರುತ್ತದೆ, ಅದರ ಮೇಲೆ ಚಹಾ ಸೇರಿದರೆ ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಎಚ್ಚರವಾದರೆ ಬೆಲ್ಲ ನೆನಪಾಗುತ್ತದೆ. ಸಕ್ಕರೆ ಬದಲು ಬೆಲ್ಲ ಅಥವಾ ಜೇನುತುಪ್ಪ ಎನ್ನುವವರಿದ್ದಾರೆ. ರಕ್ತದ ಸಕ್ಕರೆಯ ಮಟ್ಟಿಗೆ ಅವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ನಿಜವಾದ ಕೆಲಸ ಇರುವುದು ಊಟದ ಹೊತ್ತಿನಲ್ಲಿ. ಬೆಳಿಗ್ಗೆ ಎದ್ದು ಒಂದು ಗಂಟೆಯೊಳಗೆ ಏನಾದರೂ ಹೊಟ್ಟೆಗೆ ಬೀಳಲಿ. ಅವಲಕ್ಕಿ, ಉಪ್ಪಿಟ್ಟು ಆದರೆ ಜೊತೆಗೆ ಬೇಯಿಸಿದ ಮೊಟ್ಟೆಯನ್ನೋ ಮೊಳಕೆ ಕಾಳನ್ನೋ ಸೇರಿಸಿ. ಮಧ್ಯಾಹ್ನದ ಬುತ್ತಿಯಲ್ಲಿ ರೊಟ್ಟಿ, ಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು ಇರಲಿ. ಇದು ನಿಮ್ಮ ಕಡೆಯ ಊಟವೇ, ಇದಕ್ಕಿಂತ ಒಳ್ಳೆಯ ಪಥ್ಯವನ್ನು ನಾನು ಹೇಳಲಾರೆ. ಬುತ್ತಿಯ ಜೊತೆ ಇನ್ನೊಂದು ಚಿಕ್ಕ ಡಬ್ಬಿ ಕೊಡಿ, ಅದನ್ನು ಸಂಜೆ ಐದಕ್ಕೆ, ಅಂಗಡಿಯಲ್ಲಿ ಕೂತಿರುವಾಗಲೇ ತೆರೆಯಬೇಕು. ಒಂದು ಬಾಳೆಹಣ್ಣು ಮತ್ತು ಒಂದು ಹಿಡಿ ಪುಟಾಣಿ, ಅಥವಾ ಎರಡು ಖರ್ಜೂರ ಮತ್ತು ಹುರಿದ ಶೇಂಗಾ, ಅಥವಾ ಒಂದು ಶೇಂಗಾ ಚಿಕ್ಕಿ. ಸಿಹಿಯೂ ಇರಲಿ, ಜೊತೆಗೆ ಹೊಟ್ಟೆಯಲ್ಲಿ ನಿಲ್ಲುವಂಥದೂ ಇರಲಿ. ಬರೀ ಪೇಢೆ ತಿಂದರೆ ರಕ್ತದ ಸಕ್ಕರೆ ಸರಕ್ಕನೆ ಏರುತ್ತದೆ, ಕೆಲವರಲ್ಲಿ ಒಂದೆರಡು ಗಂಟೆಯಲ್ಲಿ ಅಷ್ಟೇ ಬೇಗ ಇಳಿದು ಮತ್ತೆ ಬೇಡುತ್ತದೆ. ಕಾಳು, ಶೇಂಗಾ ಸೇರಿದರೆ ಆ ಏರಿಳಿತ ಸಣ್ಣದಾಗುತ್ತದೆ. ಅಂಗಡಿ ಮುಚ್ಚಿ ಹೊರಡುವ ಹೊತ್ತಿಗೆ ಅವರ ಹೊಟ್ಟೆ ಖಾಲಿ ಇರಬಾರದು, ನಿಮ್ಮ ಗುರಿ ಇಷ್ಟೇ.

ರಾತ್ರಿಯ ಊಟವನ್ನು ಏಳೂವರೆಗೆ ತನ್ನಿ. ಒಂಬತ್ತೂವರೆಗೆ ಧಾರಾವಾಹಿ ಮುಗಿದ ಮೇಲೆ ಬಡಿಸುವುದು ರೂಢಿಯಾಗಿದ್ದರೆ ಈ ಆರು ತಿಂಗಳು ಬದಲಿಸಿ, ಮತ್ತು ಎಲ್ಲರೂ ಕೂಡಿ ಕೂತು ಉಣ್ಣಿ. ಅವರು ಬಾರಿನಲ್ಲಿ ಕಳೆಯುತ್ತಿದ್ದ ಹೊತ್ತನ್ನು ಮನೆಯ ಊಟದ ಹೊತ್ತು ಮಾಡಿಕೊಳ್ಳಬೇಕು. ಮಲಗುವ ಮುಂಚೆ ಒಂದು ಲೋಟ ಹಾಲು, ಹಸಿವಿದ್ದರೆ ಅರ್ಧ ರೊಟ್ಟಿ. ಲಿವರ್ ಹಾಳಾಗಿದೆ ಎಂದು ಡಾಕ್ಟರು ಹೇಳಿದ್ದರೆ ಮಲಗುವ ಮುಂಚಿನ ಈ ತಿಂಡಿ ತಪ್ಪಲೇಬಾರದು, ಅಂಥವರು ರಾತ್ರಿಯೆಲ್ಲ ಖಾಲಿ ಹೊಟ್ಟೆಯಲ್ಲಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಇಷ್ಟು ನಡೆದರೆ ಮಧ್ಯರಾತ್ರಿಯ ಬೆಲ್ಲ ಎರಡು ಮೂರು ವಾರಗಳಲ್ಲಿ ತಾನಾಗಿ ಕಡಿಮೆಯಾಗುವುದನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ.

ಶನಿವಾರದ ಉಪವಾಸದ ಬಗ್ಗೆ ನಿಮಗೆ ನೋವಾಗದಂತೆ ಹೇಳಬೇಕು. ಆ ಹರಕೆ ಹೊತ್ತಾಗ ನಿಮಗೆ ಬೇರೆ ದಾರಿ ಕಂಡಿರಲಿಲ್ಲ, ಅದರ ಬೆಲೆ ನನಗೆ ಗೊತ್ತು. ಆದರೆ ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಯಾವುದಾದರೂ ಮೈಮೇಲಿದ್ದಾಗಲೇ ಜನ ಮತ್ತೆ ಕುಡಿಯುವುದು ಹೆಚ್ಚು, ಅದರಲ್ಲಿ ಮೊದಲ ಹೆಸರೇ ಹಸಿವು. ವಾರದ ಕೆಲಸ ಮುಗಿಸಿದ ಶನಿವಾರ ಸಂಜೆ, ಖಾಲಿ ಹೊಟ್ಟೆ, ಕೈಯಲ್ಲಿ ದುಡ್ಡು. ಅವರನ್ನು ಉಪವಾಸದಿಂದ ಬಿಡಿಸಿ. ಹನುಮಪ್ಪನ ಗುಡಿಗೆ ಇಬ್ಬರೂ ನಡೆದುಹೋಗಿ ದೀಪ ಹಚ್ಚಿ ಬನ್ನಿ, ಪ್ರಸಾದ ತಿನ್ನಿ. ನಿಮ್ಮ ಊರ ಪೂಜಾರಿಗಳನ್ನೇ ಕೇಳಿ ನೋಡಿ, ಕಾಯಿಲೆಯಿಂದ ಏಳುತ್ತಿರುವವರಿಗೆ ಉಪವಾಸದ ವಿನಾಯಿತಿಯನ್ನು ನಮ್ಮ ಹಿರಿಯರೂ ಕೊಡುತ್ತಿದ್ದರು. ಅಯ್ಯಪ್ಪನ ಮಾಲೆ ಹಾಕಿಕೊಂಡು 41 ದಿನ ಮುಟ್ಟದವರು ಮಾಲೆ ತೆಗೆದ ದಿನವೇ ಬಾರಿಗೆ ಹೋಗುವುದನ್ನೂ ನೋಡುತ್ತೇವೆ. ವ್ರತ ಅವರನ್ನು ಅಷ್ಟು ದಿನ ಹಿಡಿದಿಟ್ಟಿದ್ದು ನಿಜ. ವ್ರತ ಮುಗಿದ ಸಂಜೆಗೆ ಏನು ಎಂಬ ಯೋಜನೆ ಯಾರೂ ಮಾಡಿರುವುದಿಲ್ಲ.

ಕೊಡಬಾರದ ತಿಂಡಿಗಳೂ ಇವೆ, ಅವು ಸಿಹಿಯಲ್ಲ. ಅವರು ಕುಡಿಯುವಾಗ ಏನು ನೆಂಜಿಕೊಳ್ಳುತ್ತಿದ್ದರು ಎಂದು ಕೇಳಿ. ಖಾರಾ ಶೇಂಗಾ, ಮಿರ್ಚಿ, ಆಮ್ಲೆಟ್ ಯಾವುದೇ ಇರಲಿ, ಅದು ಸಂಜೆ ಏಳಕ್ಕೆ ಮುಂದೆ ಬಂದರೆ ನಾಲಿಗೆ ಅದರ ಜೋಡಿಯನ್ನು ಕೇಳುತ್ತದೆ. ಯಾವುದರಲ್ಲಿ ಬೆರೆಸಿಕೊಳ್ಳುತ್ತಿದ್ದರು ಎಂದೂ ಕೇಳಿ. ಕೋಲಾದಲ್ಲಿ ರಮ್ ಹಾಕಿ ಕುಡಿದವರಿಗೆ ಕೋಲಾ ಬರೀ ಸಿಹಿ ಪಾನೀಯವಲ್ಲ. ಒಂದಷ್ಟು ಕಾಲ ಫ್ರಿಡ್ಜ್‌ನಲ್ಲಿ ಅದು ಬೇಡ, ಬದಲಿಗೆ ನಿಂಬೆಹಣ್ಣಿನ ಶರಬತ್ತು, ಮಜ್ಜಿಗೆ ಇರಲಿ. ಆಲ್ಕೊಹಾಲ್ ಇಲ್ಲದ ಬಿಯರ್ ಎಂದು ಮಾರುವುದನ್ನೂ ದೂರ ಇಡಿ, ಅದರ ವಾಸನೆಯೂ ರುಚಿಯೂ ನೆನಪನ್ನು ಕೆದಕುತ್ತವೆ. ಇವನ್ನೆಲ್ಲ ನೀವು ಊಹಿಸುವುದಕ್ಕಿಂತ ಅವರ ಬಾಯಿಂದಲೇ ಕೇಳುವುದು ಒಳ್ಳೆಯದು. ಇದು ಇಬ್ಬರೂ ಕೂತು ಮಾತಾಡುವ ವಿಷಯ, ತಪಾಸಣೆಯಲ್ಲ. ಗುಟ್ಕಾ, ಸಿಗರೇಟು ಹೆಚ್ಚಾಗಿವೆಯೇ ಎಂಬುದನ್ನೂ ನೋಡಿ. ನೀವು ಬರೆದಿಲ್ಲ, ಆದರೆ ಕುಡಿತದ ಜಾಗಕ್ಕೆ ತಂಬಾಕು ಬಂದು ಕೂರುವುದು ಸಕ್ಕರೆ ಬಂದು ಕೂರುವುದಕ್ಕಿಂತ ಎಷ್ಟೋ ಪಾಲು ಅಪಾಯ.

ಹಂಬಲ ಜೋರಾಗಿ ಎದ್ದ ಗಳಿಗೆಗೆ ಸಿಹಿ ಒಳ್ಳೆಯ ಉಪಕರಣವೂ ಹೌದು. ಕುಡಿಯಬೇಕೆಂಬ ಅಲೆ ಎದ್ದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ದಾಟಿಸಲು ಬಾಯಲ್ಲೊಂದು ಚಾಕೊಲೇಟ್, ಕೈಯಲ್ಲೊಂದು ಕೆಲಸ, ಪಕ್ಕದಲ್ಲೊಬ್ಬರು ಇದ್ದರೆ ಸಾಕಾಗುತ್ತದೆ. ಅಂಗಿಯ ಜೇಬಿನಲ್ಲಿ ಎರಡು ಪೆಪ್ಪರಮಿಂಟ್ ಇಟ್ಟುಕೊಳ್ಳಲು ನಾನೇ ಹೇಳುತ್ತೇನೆ. ಆ ಹೊತ್ತಿನಲ್ಲಿ "ಮತ್ತ ಸಿಹಿ ತಿಂದ್ರಿ?" ಎಂದು ಕೇಳಬೇಡಿ.

112ರ ಬಗ್ಗೆ: ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರವರೆಗೆ ಇದ್ದರೆ ಮಧುಮೇಹದ ಅಂಚು, 126 ಮತ್ತು ಮೇಲೆ ಎರಡು ಸಲ ಬಂದರೆ ಮಧುಮೇಹ. ಹಾಗಾಗಿ ಇದು ಎಚ್ಚರಿಕೆಯ ಅಂಕಿ, ಸದ್ಯಕ್ಕೆ ಕಾಯಿಲೆಯಲ್ಲ. ಒಂದು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ. ರಕ್ತಹೀನತೆ ಇದ್ದರೆ ಅದರ ಅಂಕಿ ದಾರಿ ತಪ್ಪಿಸಬಹುದಾದ್ದರಿಂದ ಹಿಮೋಗ್ಲೋಬಿನ್ನನ್ನೂ ನೋಡಿಸಿ. ಲಿವರ್ ಪರೀಕ್ಷೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬಿನ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಬಾಕಿಯಿದ್ದರೆ ಅದೂ ಆಗಲಿ. ಬಹಳ ವರ್ಷ ಕುಡಿದವರಲ್ಲಿ ಮೇದೋಜೀರಕ ಗ್ರಂಥಿ ಹಾಳಾಗಿಯೂ ಮಧುಮೇಹ ಬರುತ್ತದೆ. ತೀರದ ಬಾಯಾರಿಕೆ, ಪದೇಪದೇ ಮೂತ್ರ, ಚೆನ್ನಾಗಿ ತಿಂದರೂ ತೂಕ ಇಳಿಯುವುದು, ಬೆನ್ನಿಗೆ ಹರಿಯುವ ಹೊಟ್ಟೆನೋವು, ಜಿಡ್ಡಾಗಿ ತೇಲುವ ಮಲ ಇವುಗಳಲ್ಲಿ ಯಾವುದಿದ್ದರೂ ಕಾಯಬೇಡಿ. ಈಗಾಗಲೇ ಶುಗರ್ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುತ್ತಿರುವವರು ಇದನ್ನು ಓದುತ್ತಿದ್ದರೆ, ಸಿಹಿಯ ವಿಷಯದಲ್ಲಿ ನಾನು ಮೇಲೆ ಹೇಳಿದ್ದು ನಿಮಗೆ ಹಾಗೆಯೇ ಅನ್ವಯಿಸುವುದಿಲ್ಲ, ನಿಮ್ಮ ಡಾಕ್ಟರನ್ನು ಕೇಳಿ. ನಿಮ್ಮಲ್ಲಿ ನಡುಕ, ಬೆವರು ಬಂದರೆ ಅದು ಹಂಬಲವಲ್ಲದೆ ಸಕ್ಕರೆ ನಿಜವಾಗಿ 70ಕ್ಕಿಂತ ಕೆಳಗೆ ಇಳಿದದ್ದೂ ಇರಬಹುದು. ಗ್ಲುಕೋಮೀಟರ್ ಇದ್ದರೆ ಆಗಲೇ ನೋಡಿ, ಇಲ್ಲದಿದ್ದರೆ ಸಿಹಿ ತಿಂದು ಆಸ್ಪತ್ರೆಗೆ ಹೋಗಿ.

ಬಿ1 ವಿಟಮಿನ್, ಅಂದರೆ ಥಯಮಿನ್ ಮಾತ್ರೆಯನ್ನು ಅವರು ನಿಲ್ಲಿಸಿಲ್ಲ ತಾನೆ? ಸಕ್ಕರೆಯನ್ನು ಶಕ್ತಿಯಾಗಿ ಮಾಡಿಕೊಳ್ಳಲು ದೇಹಕ್ಕೆ ಥಯಮಿನ್ ಬೇಕು. ಕುಡಿತ ಅದರ ಸಂಗ್ರಹವನ್ನು ಬರಿದು ಮಾಡಿರುತ್ತದೆ, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದು ಇರುವುದೂ ಕಡಿಮೆ. ಕೊರತೆಯ ಮೇಲೆ ಸಕ್ಕರೆ ಸುರಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ಸುಸ್ತು ಎಂದ ಕೂಡಲೇ ಹತ್ತಿರದ ಕ್ಲಿನಿಕ್ಕಿಗೆ ಹೋಗಿ "ಒಂದು ಗ್ಲೂಕೋಸ್ ಬಾಟ್ಲಿ ಹಚ್ರಿ" ಎನ್ನುವ ರೂಢಿ ನಮ್ಮಲ್ಲಿದೆ. ಕುಡಿತದ ಇತಿಹಾಸ ಇರುವವರಾದರೆ ಅದನ್ನು ಮುಚ್ಚಿಡದೆ ಹೇಳಿ, ಥಯಮಿನ್ ಇಂಜೆಕ್ಷನ್ ಗ್ಲೂಕೋಸಿಗೆ ಮೊದಲು ಅಥವಾ ಅದರ ಜೊತೆಗೇ ಹೋಗಬೇಕು. ಗೊಂದಲದ ಮಾತು, ಎರಡೆರಡು ಕಾಣುವುದು, ತೂರಾಡುವ ನಡಿಗೆ ಕಂಡರೆ ಕುಡಿದಿದ್ದಾರೆ ಎಂದು ಬೈದು ಮಲಗಿಸಬೇಡಿ, ತಕ್ಷಣ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.

ಅತ್ತೆಯವರ ಮಾತಿಗೆ ಹೀಗೆ ಹೇಳಿ ನೋಡಿ, ಜಗಳವಾಗದಂತೆ, ಒಬ್ಬರೇ ಇದ್ದಾಗ: "ಅತ್ತಿ, ಡಾಕ್ಟರ್ ಹೇಳ್ಯಾರ, ಆರು ತಿಂಗಳು ಸಿಹಿ ವಿಚಾರಕ್ಕ ಅವರಿಗೆ ಏನೂ ಅನಬ್ಯಾಡ್ರಿ ಅಂತ. ನೀವೇ ಸಂಜಿಗೆ ಬಿಸಿ ರೊಟ್ಟಿ ಹಾಕಿ ಕೊಡ್ರಿ." ಬೈಯುತ್ತಿರುವ ತಾಯಿಯ ಒಳಗೂ ಭಯವೇ ಇರುವುದು, ಕೈಗೊಂದು ಕೆಲಸ ಕೊಟ್ಟರೆ ಬಾಯಿಗೆ ವಿರಾಮ ಸಿಗುತ್ತದೆ. ಮಕ್ಕಳನ್ನು ಮಾತ್ರ ಇದರಲ್ಲಿ ಎಳೆಯಬೇಡಿ. "ಅಪ್ಪನ ಹತ್ರ ಹೋಗಿ ಬಾಯಿ ವಾಸನಿ ನೋಡ್ಕೊಂಡ್ ಬಾ" ಎಂದು ಮಕ್ಕಳನ್ನು ಕಳಿಸುವ ಮನೆಗಳನ್ನು ಬಹಳ ಕಂಡಿದ್ದೇನೆ. ಆ ಮಗುವಿನ ಮೇಲೆ ಅದು ಎಂಥ ಭಾರ ಎಂದು ದೊಡ್ಡವರಿಗೆ ಆ ಹೊತ್ತಿಗೆ ತೋಚುವುದಿಲ್ಲ. ನಾಲ್ಕನೇ ತಿಂಗಳಿಂದ ಸಿಹಿಯನ್ನು ಮೆಲ್ಲಗೆ ಇಳಿಸುವ ಮಾತು ತೆಗೆಯಿರಿ, ಅಷ್ಟರಲ್ಲಿ ಊಟ, ನಿದ್ದೆ ಒಂದು ಹದಕ್ಕೆ ಬಂದಿರುತ್ತವೆ. ಆಗಲೂ ರಾತ್ರಿ ಎದ್ದು ಕದ್ದು ತಿನ್ನುವುದು, ಹೊಟ್ಟೆ ಬಿರಿಯುವಷ್ಟು ತಿಂದು ಪಶ್ಚಾತ್ತಾಪ ಪಡುವುದು ನಡೆದೇ ಇದ್ದರೆ, ಅಥವಾ ಎರಡು ವಾರ ಮೀರಿ ಮಂಕಾಗಿ, ಬದುಕೇ ಬೇಡ ಎಂಬಂತೆ ಮಾತಾಡಿದರೆ, ಅದು ಖಿನ್ನತೆ ಇರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ.

ಮತ್ತೆ ಒಂದು ದಿನ ಕುಡಿದು ಬಂದರೆ? ಬರಬಹುದು ಎಂದು ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಆ ರಾತ್ರಿ ವಾದ ಬೇಡ, ಮರುದಿನವೇ ಚಿಕಿತ್ಸೆ ಕೊಟ್ಟ ಡಾಕ್ಟರ ಬಳಿ ಹೋಗಿ. ವಾರಗಟ್ಟಲೆ ಮತ್ತೆ ದಿನವೂ ಕುಡಿಯುವಂತಾದರೆ ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ನಿಲ್ಲಿಸಿದ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನಕ್ಕೆ ಸನ್ನಿಯಂಥ ಸ್ಥಿತಿ ಬರಬಹುದು, ಅದಕ್ಕೆ ಆಸ್ಪತ್ರೆಯೇ ಬೇಕು. ನಿಮ್ಮ ಕಡೆಯವರಿಗೆ ಹಾವೇರಿಯ ಜಿಲ್ಲಾಸ್ಪತ್ರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಕೊನೆಗೆ ನಿಮ್ಮ ನಿದ್ದೆ. ಅವರು ಬಿಟ್ಟು ಎರಡು ತಿಂಗಳಾದರೂ ನಿಮ್ಮ ಕಿವಿ ಇನ್ನೂ ಗೇಟಿನ ಸದ್ದಿಗೆ ಕಾಯುತ್ತಿರುತ್ತದೆ, ವರ್ಷಗಳ ಭಯ ಎರಡು ತಿಂಗಳಿಗೆ ಇಳಿಯುವುದಿಲ್ಲ. ಇದು ನಿಮ್ಮ ಹಟವೂ ಅಲ್ಲ, ಅನುಮಾನದ ಸ್ವಭಾವವೂ ಅಲ್ಲ. ಕುಡಿಯುವವರ ಮನೆಮಂದಿಗೆಂದೇ 1951ರಲ್ಲಿ ಆಲ್-ಅನಾನ್ ಎಂಬ ಪ್ರತ್ಯೇಕ ಸಂಘ ಹುಟ್ಟಿಕೊಂಡದ್ದು ಇದೇ ಕಾರಣಕ್ಕೆ. ಹತ್ತಿರದಲ್ಲಿ ಅಂಥ ಗುಂಪು ಇಲ್ಲದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸರ್ಕಾರಿ ಸೇವೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಗಂಡನ ಬಗ್ಗೆ ಕೇಳಲು ಮಾತ್ರ ಎಂದುಕೊಳ್ಳಬೇಡಿ, ನಿಮ್ಮ ಬಗ್ಗೆಯೇ ಹೇಳಿಕೊಳ್ಳಿ. ಮುಂದಿನ ಸಲ ಅವರನ್ನು ತೋರಿಸಲು ಆಸ್ಪತ್ರೆಗೆ ಹೋದಾಗ ಕೌಂಟರಿನಲ್ಲಿ ನಿಮ್ಮ ಹೆಸರಿಗೂ ಒಂದು ಓಪಿಡಿ ಚೀಟಿ ಮಾಡಿಸಿ.